ಗಾಜು ಒರೆಸೋರ ಹಗ್ಗ ಯಾರ ಖಾತೆಗೆ?

1/7

ಫೋಟೊದಲ್ಲಿ ಗಾಜು ನೋಡಬೇಡಿ, ಅದು ಚೆನ್ನಾಗೇ ಇದೆ. ಝೂಮ್ ಮಾಡಿ ತುದಿಗೆ ಹೋಗಿ. ಟೆರೇಸ್ ಗೋಡೆ ದಾಟಿ ಎರಡು ಕಬ್ಬಿಣದ ತೋಳು ಹೊರಗೆ ಚಾಚಿವೆ. ಅವುಗಳಿಂದ ನಾಲ್ಕು ಸಣ್ಣ ಗೆರೆ ಇಳಿದಿವೆ. ಗೆರೆಗಳ ಕೊನೆಗೆ ಒಂದು ತೊಟ್ಟಿಲು, ತೊಟ್ಟಿಲಲ್ಲಿ ಇಬ್ಬರು. ಈ ಸಲದ ಸರಣಿ ಪೂರ್ತಿ ಮೇಲಿರೋ ಆ ತೋಳಿನ ಬಗ್ಗೆ.

ಹೊಸದಾಗಿ ಫಾಲೋ ಮಾಡ್ತಿರೋರಿಗೆ ಒಂದು ಮಾತು. ನಾನು ಬಿಕಾಂ ಓದ್ತಿದ್ದೀನಿ. ಊರಲ್ಲಿ ಕಣ್ಣಿಗೆ ಬಿದ್ದದ್ದನ್ನ ಲೆಕ್ಕದ ಪುಸ್ತಕದ ಕಡೆಯಿಂದ ನೋಡಿ ಬರೆಯೋದು ಈ ಪೇಜಿನ ಅಭ್ಯಾಸ. ಇಂಜಿನಿಯರಿಂಗ್ ಓದಿದೋರು ತಪ್ಪು ಕಂಡರೆ ಕಾಮೆಂಟಲ್ಲಿ ತಿದ್ದಿ, ಹೋದ ಸಲ ಲಿಫ್ಟ್ ಪೋಸ್ಟಿಗೆ ತಿದ್ದಿದ ಹಾಗೆ.

ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗ್‌ನ 25 ಮಹಡಿಯನ್ನ ಜನ ಕೆಳಗೆ ನಿಂತು ಎಣಿಸ್ತಿದ್ದರು ಅಂತ ಅಪ್ಪ ಹೇಳ್ತಾರೆ. ಈಗ ಔಟರ್ ರಿಂಗ್ ರೋಡ್, ಹೆಬ್ಬಾಳ, ವೈಟ್‌ಫೀಲ್ಡ್ ಕಡೆ ಹೋದರೆ ಎಣಿಸೋಕೆ ಯಾರಿಗೂ ಪುರುಸೊತ್ತಿಲ್ಲ. ಎತ್ತರಕ್ಕಿಂತ ದೊಡ್ಡ ಬದಲಾವಣೆ ಗಾಜಿನದು. ಮುಂಚೆ ಕಿಟಕಿ ತೆಗೆದು, ಕೈ ಹೊರಗೆ ಹಾಕಿ ಒರೆಸಬಹುದಿತ್ತು. ಈಗಿನ ಗಾಜು ತೆಗೆಯಕ್ಕಾಗಲ್ಲ. ಒಳಗೆ ಏಸಿ ಇದೆ, ಹೊರಗೆ ಧೂಳಿದೆ, ನಡುವೆ ಸೀಲ್ ಮಾಡಿದ ಗೋಡೆ. ಅಂದರೆ ಕಟ್ಟಡ ನಿಂತಿರೋವರೆಗೂ ಯಾರಾದರೂ ಒಬ್ಬರು ಹೊರಗಿನಿಂದ ಇಳೀಲೇಬೇಕು. ಪ್ಲಾನ್ ಬರೆದ ದಿನವೇ ಇದು ಎಲ್ಲರಿಗೂ ಗೊತ್ತಿರತ್ತೆ.

ನನ್ನ ವಾದ ಇದು: ಆ ಇಬ್ಬರು ಸುರಕ್ಷಿತವಾಗಿ ವಾಪಸ್ ಬರ್ತಾರೋ ಇಲ್ಲವೋ ಅನ್ನೋದು ಬಹುಪಾಲು ಅವರು ಬೆಲ್ಟ್ ಹಾಕಿಕೊಳ್ಳೋಕೆ ಎಷ್ಟೋ ವರ್ಷ ಮುಂಚೆ, ಒಂದು ಎಸ್ಟಿಮೇಟ್ ಶೀಟಿನಲ್ಲಿ ತೀರ್ಮಾನ ಆಗಿರತ್ತೆ. ಆ ಶೀಟಲ್ಲಿ ಒಂದು ಸಾಲು ಹೊಡೆದು ಹಾಕಿದವರು ಆ ಟೆರೇಸ್‌ಗೆ ಮತ್ತೆ ಯಾವತ್ತೂ ಹತ್ತಲ್ಲ.

2/7

ಮೊದಲು ಆ ಯಂತ್ರ ಏನು ಅಂತ ನೋಡೋಣ. ಇಂಜಿನಿಯರ್‌ಗಳು ಬಿಎಂಯು ಅಂತಾರೆ, ಬಿಲ್ಡಿಂಗ್ ಮೇಂಟೆನೆನ್ಸ್ ಯೂನಿಟ್. ಫೆಸಿಲಿಟಿ ಆಫೀಸಿನವರು ಗೊಂಡೋಲ ಅಂತಾರೆ, ಉತ್ತರದ ಹುಡುಗರು ಜೂಲಾ ಅಂತಾರೆ. ನಾನು ತೊಟ್ಟಿಲು ಅಂತೀನಿ.

ಕಟ್ಟಡದ ಜೊತೆಗೇ ಇರೋ ಶಾಶ್ವತ ವ್ಯವಸ್ಥೆ ಹಲವು ಥರ ಇರತ್ತೆ. ದೊಡ್ಡ ಟವರ್ ಆದರೆ ಟೆರೇಸ್ ಸುತ್ತ ಹಳಿ, ಹಳಿ ಮೇಲೆ ಗಾಡಿ, ಗಾಡಿಗೆ ತಿರುಗೋ ಉದ್ದನೆಯ ತೋಳು. ಅದಕ್ಕಿಂತ ಸರಳವಾದದ್ದು ಡೇವಿಟ್: ಟೆರೇಸ್ ಅಂಚಲ್ಲಿ ಅಲ್ಲಲ್ಲಿ ಗಟ್ಟಿಯಾದ ಗೂಡು ಕೂರಿಸಿರ್ತಾರೆ, ತೋಳನ್ನ ಒಂದು ಗೂಡಿಂದ ಕಿತ್ತು ಇನ್ನೊಂದಕ್ಕೆ ಸಿಕ್ಕಿಸಿಕೊಂಡು ಹೋಗ್ತಾರೆ. ಛಾವಣಿಯ ಅಂಚಿನ ಕೆಳಗೆ ಒಂದೇ ಹಳಿ ಹಾಕಿ ಅದರಿಂದ ತೊಟ್ಟಿಲು ಇಳಿಬಿಡೋದು ಇನ್ನೊಂದು ಬಗೆ.

ಇದ್ಯಾವುದೂ ಇಲ್ಲದಿದ್ದರೆ ಬಾಡಿಗೆ ತೊಟ್ಟಿಲು ಬರತ್ತೆ. ಅದರ ತೋಳು, ತೂಕದ ಬಿಲ್ಲೆಗಳು ಎಲ್ಲಾ ಪ್ರತಿ ಸಲ ಲಿಫ್ಟಲ್ಲಿ ಮೇಲೆ ಹೊತ್ತು, ಜೋಡಿಸಿ, ಮತ್ತೆ ಬಿಚ್ಚಬೇಕು. ಅದೂ ಇಲ್ಲದಿದ್ದರೆ ಹಗ್ಗದಲ್ಲಿ ಮನುಷ್ಯನೇ ಇಳೀತಾನೆ.

ಒಳ್ಳೆ ಯಂತ್ರದಲ್ಲಿ ಒಂದು ಕೆಟ್ಟರೆ ಇನ್ನೊಂದು ಹಿಡೀಬೇಕು ಅನ್ನೋ ಒಂದೇ ತತ್ವ ಎಲ್ಲ ಕಡೆ ಕಾಣತ್ತೆ. ತೊಟ್ಟಿಲನ್ನ ಎತ್ತೋ ಉಕ್ಕಿನ ಹಗ್ಗ ಬೇರೆ, ಅದು ತುಂಡಾದರೆ ಹಿಡಿಯೋ ಹಗ್ಗ ಬೇರೆ. ತೊಟ್ಟಿಲು ಮಾಮೂಲಿಗಿಂತ ಜೋರಾಗಿ ಇಳಿಯೋಕೆ ಶುರುವಾದರೆ ತಾನಾಗೇ ಕಚ್ಚಿಕೊಳ್ಳೋ ಬ್ರೇಕ್ ಇರತ್ತೆ. ಭಾರ ಜಾಸ್ತಿ ಆದರೆ ಮೋಟರ್ ನಿಲ್ಲಿಸೋ ಸ್ವಿಚ್. ಕರೆಂಟ್ ಹೋದರೆ ಕೈಯಲ್ಲೇ ನಿಧಾನ ಇಳಿಸೋ ವ್ಯವಸ್ಥೆ. ತೊಟ್ಟಿಲು ಎರಡೇ ಹಗ್ಗದಲ್ಲಿ ನೇತಾಡ್ತಿದ್ದರೆ, ಒಳಗಿರೋ ಪ್ರತಿಯೊಬ್ಬರಿಗೂ ಬೇರೆ ಲೈಫ್‌ಲೈನ್ ಬೇಕು, ಅದು ಟೆರೇಸಿನ ಬೇರೆ ಆಂಕರಿಗೇ ಕಟ್ಟಿರಬೇಕು. ತೊಟ್ಟಿಲು ಕಟ್ಟಿದ ಕೊಂಡಿಗೇ ಬೆಲ್ಟಿನ ಹಗ್ಗವನ್ನೂ ಕಟ್ಟಿದರೆ, ಕೊಂಡಿ ಕಿತ್ತಾಗ ಎರಡೂ ಒಟ್ಟಿಗೇ ಹೋಗತ್ತೆ.

ಗಾಜಿನ ನಡುವಿನ ಅಲ್ಯೂಮಿನಿಯಂ ಪಟ್ಟಿಯಲ್ಲಿ ಅಲ್ಲಲ್ಲಿ ಸಣ್ಣ ಸ್ಟೀಲ್ ಗುಬ್ಬಿ ಕಂಡಿದ್ದೀರಾ? ಎಲ್ಲ ಕಟ್ಟಡದಲ್ಲೂ ಇರಲ್ಲ. ತೊಟ್ಟಿಲು ಇಳೀತಾ ಅದಕ್ಕೆ ಪಟ್ಟಿ ಸಿಕ್ಕಿಸಿಕೊಂಡರೆ ಗಾಳಿಗೆ ಉಯ್ಯಾಲೆ ಆಗಲ್ಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬೆಂಗಳೂರಲ್ಲಿ ಗಾಳಿ ಹೇಗೆ ಹೇಳದೆ ಕೇಳದೆ ಏಳತ್ತೆ ಅಂತ ಗೊತ್ತಲ್ಲ. ಅಮೆರಿಕದ ನಿಯಮದಲ್ಲಿ ಗಾಳಿ ಗಂಟೆಗೆ 25 ಮೈಲಿ, ಅಂದರೆ ಸುಮಾರು 40 ಕಿಲೋಮೀಟರ್ ದಾಟಿದರೆ ಇಂಥ ತೊಟ್ಟಿಲು ಓಡಿಸೋ ಹಾಗಿಲ್ಲ. ಆ ಗುಬ್ಬಿಗಳನ್ನೂ ಗಾಜು ಕೂರಿಸೋವಾಗಲೇ ಹಾಕಬೇಕು. ಆಮೇಲೆ ಹಾಕೋದು ಬಹಳ ಕಷ್ಟ.

3/7

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಪಾರ್ಕಿನ ಸೀಸಾ ಗೊತ್ತಿದ್ದರೆ ಸಾಕು.

ತೊಟ್ಟಿಲು, ಇಬ್ಬರು ಜನ, ನೀರು, ಸಾಮಾನು ಎಲ್ಲಾ ಸೇರಿ 500 ಕಿಲೋ ಅಂದುಕೊಳ್ಳಿ. ತೋಳು ಗೋಡೆಯಿಂದ 2 ಮೀಟರ್ ಹೊರಗೆ ಚಾಚಿದೆ, ಒಳಗಡೆ ಬಾಲ 4 ಮೀಟರ್ ಇದೆ. ಹೊರಗಡೆ 500 ಗುಣಿಸು 2, ಸಾವಿರ. ಒಳಗಡೆ 4 ಮೀಟರ್ ದೂರದಲ್ಲಿ ಅದನ್ನ ಸರಿದೂಗಿಸೋಕೆ 250 ಕಿಲೋ ಸಾಕು. ತಕ್ಕಡಿ ಸಮ ಆಯ್ತು, ಆದರೆ ಸಮ ಆದ ತಕ್ಕಡಿ ಮೇಲೆ ಯಾರೂ ನಿಲ್ಲಬಾರದು. ಬಾಡಿಗೆ ತೊಟ್ಟಿಲಿಗೆ ಅಮೆರಿಕದ ನಿಯಮ ಕೇಳೋದು ಮಗುಚೋ ಬಲದ ನಾಲ್ಕು ಪಟ್ಟು ತಡೆಯೋ ಶಕ್ತಿ. ಅಂದರೆ ಒಳಗಡೆ 1000 ಕಿಲೋ, ಹೆಚ್ಚೂಕಡಿಮೆ ಒಂದು ಕಾರಿನ ತೂಕ. ಅದನ್ನ ಪ್ರತಿ ಸಲ ಬಿಲ್ಲೆ ಬಿಲ್ಲೆಯಾಗಿ ಎಣಿಸಿ ಇಡಬೇಕು, ಯಾರೂ ಒಂದೆರಡು ಎತ್ತಿಕೊಂಡು ಹೋಗದ ಹಾಗೆ ಬೀಗ ಹಾಕಬೇಕು.

ಶಾಶ್ವತ ಡೇವಿಟ್‌ನಲ್ಲಿ ಈ ಬಿಲ್ಲೆಗಳೇ ಇಲ್ಲ. ಅವುಗಳ ಕೆಲಸವನ್ನ ಬೋಲ್ಟು ಮತ್ತು ಕಾಂಕ್ರೀಟು ಮಾಡಬೇಕು. ತೋಳು ಹೊರಗೆ ಬಾಗಿದಾಗ ಗೂಡಿನ ಒಂದು ಬದಿ ಸ್ಲ್ಯಾಬನ್ನ ಕೆಳಗೆ ಒತ್ತತ್ತೆ, ಇನ್ನೊಂದು ಬದಿ ಮೇಲಕ್ಕೆ ಕೀಳತ್ತೆ. ಸ್ಲ್ಯಾಬು ಕೆಳಗೆ ಒತ್ತೋ ಭಾರಕ್ಕೆ ಹೇಗೂ ತಯಾರಿರತ್ತೆ. ಮೇಲಕ್ಕೆ ಕೀಳೋ ಭಾರಕ್ಕೆ ತಯಾರಾಗಬೇಕು ಅಂದರೆ ಕಂಬಿ ಕಟ್ಟೋಕೆ ಮುಂಚೆ ಯಾರಾದರೂ ಹೇಳಿರಬೇಕು.

ಹಾಗಾಗಿ ಬೋಲ್ಟು ಕಾಂಕ್ರೀಟ್ ಹಾಕೋಕೆ ಮುಂಚೆ ಕೂರಬೇಕು. ಯಾವ ಅಳತೆಯ ಬೋಲ್ಟು, ಎಷ್ಟು ಆಳ, ಯಾವ ತೊಲೆಯ ಮೇಲೆ ಅಂತ ಯಂತ್ರದವರು ಮತ್ತು ಕಟ್ಟಡದ ಸ್ಟ್ರಕ್ಚರಲ್ ಇಂಜಿನಿಯರ್ ಇಬ್ಬರೂ ಒಂದೇ ನಕ್ಷೆ ಮೇಲೆ ಸಹಿ ಹಾಕಬೇಕು. ಕಾಂಕ್ರೀಟ್ ಒಳಗೆ ಹೋಗೋಕೆ ಮುಂಚೆ ಫೋಟೊ ತೆಗೀಬೇಕು, ಯಾಕಂದ್ರೆ ಆಮೇಲೆ ನೋಡೋಕಾಗಲ್ಲ. ಯಂತ್ರ ಕೂರಿಸಿದ ಮೇಲೆ ನಿಗದಿಗಿಂತ ಹೆಚ್ಚು ತೂಕ ಹಾಕಿ, ಜನ ಇಲ್ಲದೆ, ಪರೀಕ್ಷೆ ಮಾಡಬೇಕು. ಬ್ರೇಕ್ ನಿಜವಾಗಲೂ ಕಚ್ಚತ್ತಾ ಅಂತ ನೋಡಬೇಕು. ಇಷ್ಟೆಲ್ಲದರ ಕಾಗದ ಕೀ ಜೊತೆಗೆ ಹಸ್ತಾಂತರ ಆಗಬೇಕು.

ಈಗ ತಡವಾಗಿ ನೆನಪಾದ ಕಟ್ಟಡದ ಕಥೆ ನೋಡಿ. ಟೆರೇಸ್‌ಗೆ ವಾಟರ್‌ಪ್ರೂಫಿಂಗ್ ಆಗಿದೆ, ಟೈಲ್ಸ್ ಬಿದ್ದಿದೆ. ಡ್ರಿಲ್ ಹಾಕಿದರೆ ಕಂಬಿಗೆ ತಗಲತ್ತೆ, ಸ್ವಲ್ಪ ಪಕ್ಕಕ್ಕೆ ಸರಿದರೆ ತೊಲೆ ತಪ್ಪಿ ಬರೀ ಸ್ಲ್ಯಾಬು ಸಿಗತ್ತೆ. ರಾಸಾಯನಿಕ ಅಂಟು ಹಾಕಿ ಬೋಲ್ಟು ಕೂರಿಸಬಹುದು, ಸರಿಯಾಗಿ ಮಾಡಿದರೆ ಅದೂ ಗಟ್ಟಿಯೇ. ಆದರೆ ತೂತಿನ ಧೂಳು ಪೂರ್ತಿ ಊದಿ ತೆಗೆದ್ರಾ, ಎಳೆದು ನೋಡಿದ್ರಾ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಮಳೆಗಾಲ ಬಂದಾಗ ಮೇಲಿನ ಮಹಡಿಯವರು ಸೀಲಿಂಗ್ ಸೋರ್ತಿದೆ ಅಂತ ಗ್ರೂಪಲ್ಲಿ ಫೋಟೊ ಹಾಕ್ತಾರೆ, ಬೋಲ್ಟಿನ ಸುತ್ತ ಡಾಂಬರು ಬಳೀತಾರೆ. ಒಳಗೆ ತುಕ್ಕು ಹಿಡಿದಿದ್ಯಾ ಅಂತ ಇನ್ನು ಯಾರಿಗೂ ಕಾಣಲ್ಲ.

4/7

ಇದೆಲ್ಲಾ ನನಗೆ ಯಾಕೆ ಬೇಕಿತ್ತು ಅಂದರೆ, ಇಂಟರ್ನ್‌ಷಿಪ್.

ಒಂದು ಆಡಿಟ್ ಆಫೀಸಲ್ಲಿ ವೋಚರ್ ನೋಡೋ ಕೆಲಸ. ಒಂದು ಅಪಾರ್ಟ್‌ಮೆಂಟ್ ಸಂಘದ ಲೆಕ್ಕ ಬಂತು. ಯಾವುದು ಅಂತ ಹೇಳಲ್ಲ, ರೂಪಾಯಿನೂ ಹೇಳಲ್ಲ, ಗುರುತು ಸಿಗತ್ತೆ. ಲಿಫ್ಟ್ ನಿರ್ವಹಣೆ ಕಾಂಟ್ರಾಕ್ಟ್ ಕ್ವಾರ್ಟರ್ ಕ್ವಾರ್ಟರ್‌ಗೂ ಪಾವತಿ ಆಗಿದೆ. ಜನರೇಟರ್, ಈಜುಕೊಳ, ಎಸ್‌ಟಿಪಿ, ಎಲ್ಲಾ ಇದೆ. "ಗೊಂಡೋಲ ಎಎಂಸಿ" ಅಂತ ಒಂದು ಸಾಲು ಮೊದಲು ಇತ್ತು, ಆಮೇಲೆ ಎರಡು ವರ್ಷ ಇಲ್ಲ. ವಾರ್ಷಿಕ ಸಭೆಯ ನಡಾವಳಿ ತೆಗೆದು ನೋಡಿದರೆ ಅದನ್ನ ಉಳಿತಾಯ ಅಂತ ಬರೆದು ಕಮಿಟಿಗೆ ಅಭಿನಂದನೆ ಸಲ್ಲಿಸಿದ್ದಾರೆ. ಉಳಿಸಿದ ಮೊತ್ತ ಆ ವರ್ಷದ ನ್ಯೂ ಇಯರ್ ಪಾರ್ಟಿ ಖರ್ಚಿಗಿಂತ ಕಡಿಮೆ. ಅದೇ ಎರಡು ವರ್ಷವೂ ಗಾಜು ಒರೆಸಿದ ಬಿಲ್ಲು ಮಾತ್ರ ಇದೆ. ಅಂದರೆ ತೊಟ್ಟಿಲು ಇಳಿದಿದೆ.

ನನ್ನ ಕೆಲಸ ವೋಚರ್‌ಗೆ ಟಿಕ್ ಹಾಕೋದು. ಬಿಲ್ಲು ಸರಿ ಇತ್ತು, ಸಹಿ ಇತ್ತು. ಟಿಕ್ ಬಿತ್ತು. ಲೆಕ್ಕಪತ್ರದ ಪ್ರಕಾರ ಅಲ್ಲಿ ಏನೂ ತಪ್ಪಿಲ್ಲ, ನನ್ನನ್ನ ಕೂರಿಸಿಕೊಂಡು ತಿಂದಿದ್ದು ಅದೇ. ಸೀನಿಯರ್‌ಗೆ ಹೇಳಿದೆ. ಅವರು ಒಳ್ಳೇವರು, "ಮ್ಯಾನೇಜ್‌ಮೆಂಟ್ ಲೆಟರ್‌ನಲ್ಲಿ ಒಂದು ಪಾಯಿಂಟ್ ಹಾಕೋಣಮ್ಮ" ಅಂದರು, ಹಾಕಿದರು ಕೂಡ.

ಆ ಕೆಲಸ ಮಾಡೋ ಒಬ್ಬರ ಹತ್ತಿರ ಮಾತಾಡಬೇಕು ಅನ್ನಿಸ್ತು. ನಮ್ಮ ಬಸ್ ಸ್ಟಾಪ್ ಹತ್ತಿರದ ಆಫೀಸ್ ಕಟ್ಟಡದಲ್ಲಿ ಕೆಲಸ ಮುಗಿಸಿ ಟೀ ಕುಡೀತಾ ನಿಂತಿದ್ದ ಅಣ್ಣ ಒಬ್ಬರು ಸಿಕ್ಕರು, ಕೊಪ್ಪಳದ ಕಡೆಯವರು. ನಾನು ಹಗ್ಗದ ಬಗ್ಗೆ ಕೇಳಿದೆ. ಅವರು ಹೇಳಿದ್ದು ಹಾಗೇ ಬರೀತೀನಿ:

"ಹಗ್ಗ ನಾ ದಿನಾ ಕೈಲೆ ಸವರಿ ನೋಡ್ತೀನಿ ತಂಗಿ. ಅದು ನನ್ನ ಕೈಯಾಗ ಐತಿ. ಮ್ಯಾಲಿನ ಕೊಂಡಿ ಸಿಮೆಂಟಿನ ಒಳಗ ಎಷ್ಟು ಇಳಿದೈತಿ ಅಂತ ನನಗ ಹ್ಯಾಂಗ ಗೊತ್ತಾಗಬೇಕು?"

ಸರ್ಟಿಫಿಕೇಟ್ ತೋರಿಸಿ ಅಂತ ಕೇಳಬಹುದಲ್ಲ ಅಣ್ಣ ಅಂದೆ. ನಕ್ಕರು.

"ಕೇಳಬಹುದು. ಕೇಳಿದವಂಗ ಮರುದಿನ ಕೆಲಸ ಇರಂಗಿಲ್ಲ, ಅಷ್ಟ."

5/7

ನ್ಯೂಯಾರ್ಕಿನ ಎರಡು ಘಟನೆ ಹೇಳ್ತೀನಿ. ಇಂಥ ಕೆಲಸ ಬಹಳ ವರ್ಷದಿಂದ ನಡೀತಿರೋ ಊರು ಅದು, ತನಿಖೆಗಳೂ ಹೊರಗೆ ಬಂದಿವೆ.

2007ರ ಡಿಸೆಂಬರ್ 7. ಮ್ಯಾನ್‌ಹಾಟನ್‌ನ 47 ಮಹಡಿಯ ವಸತಿ ಕಟ್ಟಡ. ಗಾಜು ಒರೆಸೋ ಇಬ್ಬರು ಅಣ್ಣತಮ್ಮಂದಿರು, ಈಕ್ವೆಡಾರ್‌ನಿಂದ ಹೊಟ್ಟೆಪಾಡಿಗೆ ಬಂದವರು, ಟೆರೇಸಿಂದ ತೊಟ್ಟಿಲಿಗೆ ಕಾಲಿಟ್ಟರು. ಒಂದು ಕಡೆಯ ಉಕ್ಕಿನ ಹಗ್ಗ ಜಾರಿತು, ಆಮೇಲೆ ಇನ್ನೊಂದು ಕಡೆಯದು. ತಮ್ಮ ಸತ್ತ. ಅಣ್ಣ ಬದುಕಿದ, ಅದನ್ನ ಡಾಕ್ಟರ್‌ಗಳೇ ಪವಾಡ ಅಂದರು, ಪತ್ರಿಕೆಗಳೂ ಪವಾಡದ ಬಗ್ಗೆಯೇ ಬರೆದವು. ಇಂಟರ್‌ನೆಟ್‌ನಲ್ಲಿ ಈಗಲೂ ಆ ಸುದ್ದಿ ಪವಾಡ ಅಂತಲೇ ಓಡಾಡತ್ತೆ. ಹಗ್ಗ ನಡುವೆ ಎಲ್ಲೂ ತುಂಡಾಗಿರಲಿಲ್ಲ. ಸೋತಿದ್ದು ಹಗ್ಗದ ತುದಿ ಹಿಡಿದಿರಬೇಕಿದ್ದ ಜೋಡಣೆ. ಇಬ್ಬರೂ ಬೇರೆ ಲೈಫ್‌ಲೈನ್‌ಗೆ ಸಿಕ್ಕಿಸಿಕೊಂಡಿರಲಿಲ್ಲ.

2014ರ ನವೆಂಬರ್ 12. ಹೊಸ ವರ್ಲ್ಡ್ ಟ್ರೇಡ್ ಸೆಂಟರ್ ಟವರ್, ತೆರೆದು ಹತ್ತು ದಿನವೂ ಆಗಿರಲಿಲ್ಲ. 68ನೇ ಮಹಡಿಯ ಎತ್ತರದಲ್ಲಿ ತೊಟ್ಟಿಲಿನ ಒಂದು ಬದಿಯ ಹಗ್ಗ ಸಡಿಲ ಆಯ್ತು, ತೊಟ್ಟಿಲು ಏಣಿ ಥರ ನೆಟ್ಟಗೆ ನೇತಾಡ್ತು. ಒಳಗಿದ್ದ ಇಬ್ಬರೂ ಬೆಲ್ಟಿಗೆ ಕಟ್ಟಿಕೊಂಡಿದ್ದರು, ಬೀಳಲಿಲ್ಲ. ಅಗ್ನಿಶಾಮಕದವರು ಒಳಗಿನಿಂದ ದಪ್ಪ ಗಾಜನ್ನ ಕತ್ತರಿಸಿ ಅವರನ್ನ ಎಳೆದುಕೊಂಡರು.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ದುಡ್ಡಿದ್ದ ಕಟ್ಟಡವೇ, ಹೊಸ ಯಂತ್ರವೇ, ಆದರೂ ಕೈ ಕೊಡ್ತು. ಹಾಗಾಗಿ ಒಂದು ದೊಡ್ಡ ಯಂತ್ರ ತಂದು ಕೂರಿಸಿಬಿಟ್ಟರೆ ಮುಗೀತು ಅಂತ ನಾನು ಹೇಳ್ತಿಲ್ಲ. ಎರಡನೇ ಹಿಡಿತ ಇದ್ದಲ್ಲಿ ಜನ ಉಳಿದರು ಅಂತ ಹೇಳ್ತಿದ್ದೀನಿ.

ಇಲ್ಲಿ ಇನ್ನೊಂದು ಪ್ರಶ್ನೆ ಇದೆ, ಮೇಲೆ ಸಿಕ್ಕಿಕೊಂಡವರನ್ನ ಇಳಿಸೋರು ಯಾರು? ನಮ್ಮ ಅಗ್ನಿಶಾಮಕ ಇಲಾಖೆ ಹತ್ತಿರ 90 ಮೀಟರ್ ತಲುಪೋ ಏಣಿ ವಾಹನ ಇದೆ, ಹೆಮ್ಮೆಯ ವಿಷಯವೇ. ಆದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ, ಅಪಾರ್ಟ್‌ಮೆಂಟ್ ಗೇಟ್ ಒಳಗೆ ತಿರುಗಿ, ಪೋಡಿಯಂ ಗಾರ್ಡನ್ ಹಿಂದಿರೋ ಟವರ್ ಹತ್ತಿರ ಅದು ಹೇಗೆ ನಿಲ್ಲತ್ತೆ? ಬೆಲ್ಟಲ್ಲಿ ನೇತಾಡ್ತಾ ಬಹಳ ಹೊತ್ತು ಕಾಯೋದೂ ಅಪಾಯವೇ, ಕಾಲಿಂದ ರಕ್ತ ಮೇಲೆ ಬರಲ್ಲ. ಇಳಿಸೋ ಯೋಜನೆ ಟೆರೇಸ್ ಮೇಲೆ, ಆ ದಿನ ಅಲ್ಲಿರೋ ಜನರ ಕೈಯಲ್ಲೇ ಇರಬೇಕು.

6/7

"ಶಾಶ್ವತ" ಅನ್ನೋ ಪದದ ಮೇಲೆ ನನಗೆ ಸಿಟ್ಟಿದೆ.

2013ರ ಕಂಪನಿ ಕಾಯ್ದೆಯ ಶೆಡ್ಯೂಲ್ 2 ಓದಿದೋರಿಗೆ ಗೊತ್ತಿರತ್ತೆ. ಒಂದು ಆಸ್ತಿಯ ಮುಖ್ಯ ಭಾಗಕ್ಕೆ ಬೇರೆ ಆಯಸ್ಸು ಇದ್ದರೆ ಅದಕ್ಕೆ ಬೇರೆಯಾಗಿಯೇ ಸವಕಳಿ ಹಾಕಬೇಕು. ಎಕ್ಸಾಮಲ್ಲಿ ವಿಮಾನ ಮತ್ತು ಎಂಜಿನ್ ಉದಾಹರಣೆ ಕೊಟ್ಟು ಮಾರ್ಕ್ಸ್ ತಗೋತೀವಿ. ತೊಟ್ಟಿಲಿಗೂ ಅದೇ. ಹಳಿ ದಶಕಗಟ್ಟಲೆ ಇರಬಹುದು. ಉಕ್ಕಿನ ಹಗ್ಗ ಇರಲ್ಲ. ಅದರ ಎಳೆ ಮುರಿಯತ್ತೆ, ಸೊಟ್ಟಗಾಗತ್ತೆ, ತೆಳ್ಳಗಾಗತ್ತೆ. ಬ್ರೇಕ್ ಒಳಗೆ ಪಾರಿವಾಳದ ಹಿಕ್ಕೆ, ಧೂಳು ಸೇರತ್ತೆ. ವರ್ಷದ ಹೆಚ್ಚು ಭಾಗ ಬಿಸಿಲು ಮಳೆಯಲ್ಲಿ ಸುಮ್ಮನೆ ನಿಂತಿರೋ ಯಂತ್ರ ದಿನಾ ಓಡೋ ಯಂತ್ರಕ್ಕಿಂತ ಬೇಗ ಮೋಸ ಮಾಡತ್ತೆ, ನಮ್ಮನೆ ಸ್ಕೂಟರ್ ಥರ. (ಅಪಾರ್ಟ್‌ಮೆಂಟ್ ಸಂಘ ಕಂಪನಿ ಅಲ್ಲ, ಶೆಡ್ಯೂಲ್ 2 ಅದಕ್ಕೆ ಅನ್ವಯಿಸಲ್ಲ ಅಂತ ಸಿಎ ಫೈನಲ್‌ನವರು ಕಾಮೆಂಟ್ ಹಾಕಬೇಡಿ, ಗೊತ್ತು.)

ಬ್ರಿಟನ್ನಿನ 1998ರ ಎತ್ತುವ ಸಲಕರಣೆಗಳ ನಿಯಮದಲ್ಲಿ ಜನರನ್ನ ಎತ್ತೋ ಯಂತ್ರವನ್ನ ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ ಪರಿಣತರು ಪೂರ್ತಿ ಪರೀಕ್ಷೆ ಮಾಡಬೇಕು. ಅಮೆರಿಕದಲ್ಲಿ ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆ, ಜೊತೆಗೆ 30 ದಿನಕ್ಕೊಮ್ಮೆ ನಿರ್ವಹಣೆಯ ತಪಾಸಣೆ. ಅಲ್ಲಿನ ಒಂದು ಅಂಶ ನನಗೆ ಬಹಳ ಇಷ್ಟ ಆಯ್ತು: ಯಂತ್ರ ನಿಯಮದ ಪ್ರಕಾರ ಇದೆ ಅಂತ ಕಟ್ಟಡದ ಮಾಲೀಕರೇ ಕೆಲಸ ಮಾಡಿಸೋ ಗುತ್ತಿಗೆದಾರರಿಗೆ ಲಿಖಿತವಾಗಿ ಕೊಡಬೇಕು. ಕೆಲಸದವನು ಕೇಳಿ ಕೆಲಸ ಕಳಕೊಳ್ಳೋ ಪ್ರಮೇಯವೇ ಇಲ್ಲ, ಕೊಡೋದೇ ಮಾಲೀಕರ ಕರ್ತವ್ಯ. ಅಲ್ಲಿ ಎಲ್ಲರೂ ಪಾಲಿಸ್ತಾರೆ ಅಂತಲ್ಲ, 2007ರ ಕಥೆ ಮೇಲೆ ಹೇಳಿದೆನಲ್ಲ. ಆದರೆ ತಪ್ಪಿದಾಗ ಯಾರನ್ನ ಕೇಳಬೇಕು ಅಂತ ಗೊತ್ತಿರತ್ತೆ.

ಬಿಲ್ಡರ್‌ಗಳ ಕಡೆಯ ವಾದವೂ ಇದೆ, ಕೇಳಿದ್ದೀನಿ. ಹಳಿ, ಗಾಡಿ ಎಲ್ಲಾ ದುಬಾರಿ. ಹನ್ನೆರಡು ಮಹಡಿ ಫ್ಲ್ಯಾಟಿಗೆ ಇದ್ಯಾಕೆ? ಒಪ್ತೀನಿ, ಬೇಡ. ನಿರ್ವಹಣೆ ಇಲ್ಲದ ದೊಡ್ಡ ಯಂತ್ರಕ್ಕಿಂತ, ಇಬ್ಬಿಬ್ಬರಿಗೆ ಎರಡೆರಡು ಹಗ್ಗ, ಎರಡೆರಡು ಆಂಕರ್ ಇಟ್ಟು ಇಳಿಯೋ ತರಬೇತಿ ಪಡೆದ ತಂಡವೇ ಎಷ್ಟೋ ವಾಸಿ. ಆದರೆ ಆ ತಂಡಕ್ಕೂ ಟೆರೇಸಿನಲ್ಲಿ ಪರೀಕ್ಷೆ ಮಾಡಿದ ಆಂಕರ್ ಬೇಕೇ ಬೇಕು. ನೀರಿನ ಟ್ಯಾಂಕಿನ ಕಾಲು, ಏಸಿ ಸ್ಟ್ಯಾಂಡು, ಪ್ಯಾರಪೆಟ್ ಗೋಡೆ, ಇವು ಆಂಕರ್ ಅಲ್ಲ. ನಾಲ್ಕು ಗೂಡು, ಹತ್ತು ಕೊಂಡಿ ಕಂಬಿ ಕಟ್ಟೋ ದಿನವೇ ಹಾಕೋದಕ್ಕೆ ಆಗೋ ಖರ್ಚು ಲಾಬಿಯ ಇಟಾಲಿಯನ್ ಮಾರ್ಬಲ್ ಮುಂದೆ ಯಾವ ಲೆಕ್ಕ? ಮಾರ್ಬಲ್ ಬ್ರೋಷರಲ್ಲಿ ಕಾಣತ್ತೆ, ಕೊಂಡಿ ಕಾಣಲ್ಲ, ಅಷ್ಟೇ ವ್ಯತ್ಯಾಸ.

ಕಾಸ್ಟಿಂಗ್ ಭಾಷೆಯಲ್ಲಿ ಹೇಳೋದಾದರೆ, ಬಿಲ್ಡರ್ ಉಳಿಸಿದ ಖರ್ಚು ಮಾಯ ಆಗಲ್ಲ. ಅದು ಸಂಘದ ತಲೆಗೆ ದಾಟತ್ತೆ. ಸಂಘ ಕಡಿಮೆ ಕೋಟ್ ಹಾಕಿದವರಿಗೆ ಕೆಲಸ ಕೊಟ್ಟು ಗುತ್ತಿಗೆದಾರನಿಗೆ ದಾಟಿಸತ್ತೆ. ಗುತ್ತಿಗೆದಾರ ಎರಡನೇ ಹಗ್ಗ, ಮೂರನೇ ಮನುಷ್ಯ ಬಿಟ್ಟು ಕೊಪ್ಪಳದ ಅಣ್ಣನಿಗೆ ದಾಟಿಸ್ತಾನೆ. ಅವರ ಹತ್ತಿರ ದಾಟಿಸೋಕೆ ಮುಂದೆ ಯಾರೂ ಇಲ್ಲ.

7/7

ಹಾಗಾದ್ರೆ ಏನು ಮಾಡಬೇಕು ಅಂತೀಯಾ ಅಂತ ಕೇಳ್ತೀರಿ.

ಕಾನೂನು ಇಲ್ಲವೇ ಇಲ್ಲ ಅಂತಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಬರೆದಾಗಲೇ ಕಟ್ಟೋದರ ಜೊತೆ ದುರಸ್ತಿ, ನಿರ್ವಹಣೆಯನ್ನೂ ಸೇರಿಸಿದ್ದರು. ಆದರೆ ಲಿಫ್ಟ್ ಜೊತೆ ಹೋಲಿಸಿ ನೋಡಿ. ಲಿಫ್ಟಿಗೆ ನಮ್ಮ ರಾಜ್ಯದಲ್ಲಿ 2012ರ ಪ್ರತ್ಯೇಕ ಕಾಯ್ದೆ ಇದೆ, ಲೈಸೆನ್ಸ್ ಇದೆ, ವಿದ್ಯುತ್ ಪರಿವೀಕ್ಷಣಾಲಯ ಇದೆ. ಲಿಫ್ಟ್ ಒಂದು ದಿನ ನಿಂತರೆ ವಾಟ್ಸಾಪ್ ಗ್ರೂಪಲ್ಲಿ ಯುದ್ಧ ನಡೆಯತ್ತೆ, ಯಾಕಂದ್ರೆ ಅದರಲ್ಲಿ ಹತ್ತೋದು ನಾವು.

ಕಟ್ಟಡಕ್ಕೆ ಓಸಿ ಕೊಡೋಕೆ ಮುಂಚೆ, ಹೊರಗೋಡೆಯ ಪ್ರತಿಯೊಂದು ಭಾಗಕ್ಕೂ ಮನುಷ್ಯ ಹೇಗೆ ತಲುಪ್ತಾನೆ, ಯಾವ ಆಂಕರ್‌ನಿಂದ, ಎಷ್ಟು ಭಾರಕ್ಕೆ ಅಂತ ಒಂದು ನಕ್ಷೆ ಕೇಳಬೇಕು. ಫೈರ್ ಎನ್‌ಒಸಿ ಕೇಳ್ತಾರಲ್ಲ, ಹಾಗೆ. ನಕ್ಷೆ ಇಲ್ಲದಿದ್ದರೆ ಗಾಜು ಕಡಿಮೆ ಮಾಡಲಿ, ತೆಗೆಯೋ ಕಿಟಕಿ ಇಡಲಿ, ಬಾಲ್ಕನಿ ಕೊಡಲಿ. ನಮ್ಮ ಬಿಸಿಲಿಗೆ ಆ ಗಾಜಿನ ಡಬ್ಬ ಯಾಕೆ ಬೇಕು ಅನ್ನೋದು ಬೇರೆ ಪೋಸ್ಟು, ಬರೀತೀನಿ.

ಅದು ಸರ್ಕಾರದ ಕೆಲಸ, ಆಗೋವಾಗ ಆಗಲಿ. ನಿಮ್ಮ ಕೈಯಲ್ಲಿರೋದು ಇದು. ನೀವು ಅಪಾರ್ಟ್‌ಮೆಂಟಲ್ಲಿ ಇದ್ದರೆ ಮುಂದಿನ ವಾರ್ಷಿಕ ಸಭೆಗೆ ಮುಂಚೆ ಸೆಕ್ರೆಟರಿಗೆ ಒಂದು ಇಮೇಲ್ ಹಾಕಿ. ಟೆರೇಸ್ ಮೇಲಿನ ಕೊಂಡಿಗಳನ್ನ ಕೊನೆಯ ಸಲ ಯಾರು, ಯಾವ ತಾರೀಖು ಪರೀಕ್ಷೆ ಮಾಡಿದರು? ಅದರ ಕಾಗದ ಎಲ್ಲಿದೆ? ಯಂತ್ರ ಇದ್ದರೆ ಹಗ್ಗ ಯಾವಾಗ ಬದಲಾಯಿಸಿದರು? ಗಾಜು ಒರೆಸೋರು ಬಂದ ದಿನ ಮೇಲೆ ಟೆರೇಸಲ್ಲಿ ಒಬ್ಬರು ನಿಂತಿರ್ತಾರಾ? ಉತ್ತರ ಬರದಿದ್ದರೆ ಅದು ಬರೋವರೆಗೆ ಗಾಜು ಕೊಳೆಯಾಗಿರಲಿ, ಯಾರೂ ಸಾಯಲ್ಲ.

ಆಫೀಸಲ್ಲಿ ಕೆಲಸ ಮಾಡೋರು ಫೆಸಿಲಿಟಿ ಟೀಮಿಗೆ ಇದೇ ಕೇಳಿ. ನನ್ನ ಥರ ಆಡಿಟ್‌ಗೆ ಹೋಗೋರು ಎಎಂಸಿ ಪಟ್ಟಿಯಲ್ಲಿ ಹೋದ ವರ್ಷ ಇದ್ದು ಈ ವರ್ಷ ಇಲ್ಲದ ಸಾಲು ಹುಡುಕಿ. ಇರೋ ಸಾಲಿಗೆ ಟಿಕ್ ಹಾಕೋದು ಎಲ್ಲರೂ ಕಲಿಸ್ತಾರೆ.

ಆ ಸಂಘದ್ದು ಏನಾಯ್ತು ಅಂತ ಡಿಎಂನಲ್ಲಿ ಕೇಳ್ತೀರಿ, ಈಗಲೇ ಹೇಳಿಬಿಡ್ತೀನಿ. ಮ್ಯಾನೇಜ್‌ಮೆಂಟ್ ಲೆಟರ್ ಹೋಗಿದೆ. ಎಎಂಸಿಗೆ ಮೂರು ಕೋಟೇಶನ್ ತರಿಸಿದ್ದಾರೆ. ಯಾವುದನ್ನ ಒಪ್ಪಿದರು ಅಂತ ಇನ್ನೂ ಗೊತ್ತಿಲ್ಲ. ನನ್ನ ಇಂಟರ್ನ್‌ಷಿಪ್ ಮುಗೀತು.

ನಿಮ್ಮ ಟೆರೇಸಿನ ಕೊಂಡಿಯ ಫೋಟೊ ತೆಗೆದು ಕಳಿಸಿ, ಕಟ್ಟಡದ ಹೆಸರು ಕಾಣದ ಹಾಗೆ. ಅಂಚಿಗೆ ಹೋಗಬೇಡಿ, ದೂರದಿಂದ ಝೂಮ್ ಮಾಡಿ. ಬಂದದ್ದನ್ನ ಮುಂದಿನ ಭಾನುವಾರ ಸ್ಟೋರಿಯಲ್ಲಿ ಹಾಕ್ತೀನಿ.

#ಲೆಕ್ಕದಕಣ್ಣು #ಬಿಕಾಂಡೈರಿ #ನಮ್ಮಬೆಂಗಳೂರು #ಗಾಜುಒರೆಸೋರು #ಕನ್ನಡದಲ್ಲೇಬರೆಯೋಣ